ಲಿಸ್ಬನ್ ಸೇಫಾದ ಊರು

ಇಲ್ಲ ಇಲ್ಲ ರಂಜನಿ, ನೀವು ಲಿಸ್ಬನ್ನಿಗೆ ಹೋದಾಗ ಪಾಸ್‌ಪೋರ್ಟು ಜೊತೇಲಿ ಇಟ್ಕೊಂಡು ತಿರುಗಲೇಬಾರದು! ಹೋಟೆಲ್ ರೂಮಲ್ಲಿ ಬೀರು ಒಳಗೆ ಲಾಕರ್ ಇರುತ್ತಲ್ಲ, ಅದರಲ್ಲಿ ಹಾಕಿ ನಂಬರ್ ಒತ್ತಿಬಿಡು. ಫೋನಲ್ಲಿ ಅದರ ಫೋಟೋ ಇದ್ರೆ ಸಾಕು. ಏನಂದೆ? ಗುರುಪ್ರಸಾದ್ ಸೊಂಟದ ಚೀಲ ತರಿಸಿದಾನಾ? ನಿಂಗೂ ಒಂದಾ? ಅಯ್ಯೋ ಶಿವನೇ... ಅದನ್ನ ಕುರ್ತಾ ಒಳಗೆ ಕಟ್ಕೊಂಡ್ರೆ ಬಸುರಿ ಥರ ಕಾಣ್ತೀಯ ಅಷ್ಟೇ. ನಗಬೇಡ, ನಾನೂ ಕಟ್ಕೊಂಡಿದ್ದೆ. ಟ್ರ್ಯಾಮಲ್ಲಿ ಒಬ್ಬಳು ಅಜ್ಜಿ ಎದ್ದು ಸೀಟು ಬಿಟ್ಟುಕೊಟ್ಟಳು!

ಕಾಫಿ ನೀನೇ ಬಗ್ಗಿಸ್ಕೋ ಕಣೇ. ಡಿಕಾಕ್ಷನ್ ಇಳಿದಿದೆ, ಆದ್ರೆ ಫಿಲ್ಟರಿನ ಮೇಲಿನ ಡಬ್ಬಿ ಬಿಗಿಯಾಗಿ ಕೂತ್ಬಿಟ್ಟಿದೆ, ಒಂದು ಕೈಯಲ್ಲಿ ಬಿಚ್ಚೋಕೆ ಆಗಲ್ಲ. ಹಾಲು ಮೈಕ್ರೋವೇವಲ್ಲಿದೆ. ನಂಗೆ ಸಕ್ಕರೆ ಬೇಡ... ನೋವಾ? ಇಲ್ಲಪ್ಪ. ನೋವು ಇಲ್ಲ, ಏನೂ ಇಲ್ಲ. ಪ್ಲಾಸ್ಟರ್ ಒಳಗೆ ಕಡಿತ ಬರುತ್ತೆ, ಅಷ್ಟೇ. ಒಂದೊಂದ್ಸಲ ಈ ಕೈ ನಂದು ಅಂತಾನೇ ಅನ್ಸಲ್ಲ. ಯಾರೋ ಬಂದೋರು ಮೇಜಿನ ಮೇಲೆ ಮರೆತು ಹೋದ ಸಾಮಾನು ಅನ್ನೋ ಹಾಗೆ ಬಿದ್ದಿರುತ್ತೆ.

ಎಲ್ಲಿದ್ದೆ? ಹ್ಞಾ, ಟ್ರ್ಯಾಮು. ಆ ಹಳದಿ ಟ್ರ್ಯಾಮು, ಫೋಟೋಗಳಲ್ಲೆಲ್ಲ ಬರುತ್ತಲ್ಲ, ಅದಕ್ಕೆ ನಿನ್ನ ಮಕ್ಕಳು ಹಟ ಹಿಡಿದೇ ಹಿಡೀತಾವೆ. ಹತ್ತಿಸು, ಆದ್ರೆ ಬೆಳಿಗ್ಗೆ ಬೇಗ. ರಶ್ಶಾದ ಮೇಲೆ ಬೇಡ. ಊರಿನ ಜೇಬುಗಳ್ಳರೆಲ್ಲ ಅದರಲ್ಲೇ ಓಡಾಡ್ತಾರಂತೆ. ನೋಡೋಕೆ ಕಳ್ಳರ ಥರ ಇರಲ್ಲ ಕಣೇ! ನಮ್ಮ ಹಾಗೇನೇ, ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಮ್ಯಾಪು. ಇಬ್ಬರು ಬಾಗಿಲ ಹತ್ರ ಅಡ್ಡ ನಿಂತು ದಾರಿ ಕೇಳ್ತಾರೆ, ಇನ್ನೊಬ್ಬ ಹಿಂದಿಂದ ಜಿಪ್ಪು ಎಳೀತಾನೆ. ಆಮೇಲೆ ಚೌಕದಲ್ಲಿ ಕೂಲಿಂಗ್ ಗ್ಲಾಸ್ ಮಾರೋರು ಮುತ್ಕೋತಾರೆ. ಅವರಿಗೆ ಬೇಡ ಅಂತಾನೂ ಹೇಳ್ಬೇಡ. ಮುಖ ನೋಡದೆ ನಡೀತಾ ಇರು. ಬೇಡ ಅಂದ್ರೆ ಮಾತು ಶುರುವಾಯ್ತು ಅಂತ ಲೆಕ್ಕ.

ಚಪ್ಪಲಿ ತಗೊಂಡು ಹೋಗ್ಬೇಡ, ಶೂಸೇ ಹಾಕು. ರಸ್ತೆಗೆಲ್ಲ ಬಿಳೀ ಕಲ್ಲು ಜೋಡಿಸಿದಾರೆ, ಎಷ್ಟೋ ಕಾಲದಿಂದ ಜನ ತುಳಿದೂ ತುಳಿದೂ ನಿನ್ನ ಅಡುಗೆಮನೆ ಗ್ರಾನೈಟ್ ಥರ ನುಣ್ಣಗಾಗಿದೆ. ಅದೂ ಇಳಿಜಾರು ಬೇರೆ. ಊರು ಪೂರ್ತಿ ಏರು, ಇಳಿಜಾರು. ಆಮೇಲೆ ಆ ಪುಟ್ಟ ಕಸ್ಟರ್ಡ್ ಪೈ ತಿನ್ನದೆ ಬರ್ಬೇಡ. ಮೊಟ್ಟೆ ಇದೆ... ನಿಮ್ಮತ್ತೆಗೆ ಫೋಟೋ ಕಳಿಸ್ಬೇಡ, ಅಷ್ಟೇ!

ಇವೆಲ್ಲ ನಂಗೆ ಹೇಗೆ ಗೊತ್ತಾ? ಸುಧನ್ವ ಹೇಳ್ಕೊಟ್ಟಿದ್ದು. ಹೊರಡೋಕೆ ಮುಂಚೆ ಅವನು ಎಷ್ಟು ವಿಡಿಯೋ ನೋಡಿದ್ದ ಗೊತ್ತಾ ನಿಂಗೆ? ದಿನಾ ಊಟದ ಹೊತ್ತಿಗೆ ಅದೇ. "ಮೈಥಿಲಿ, ಬ್ಯಾಗು ಮುಂದಕ್ಕೆ. ಮೈಥಿಲಿ, ಫೋನು ಒಳಗೆ." ನಂಗೆ ಪ್ರಾಕ್ಟೀಸು ಕೂಡ ಮಾಡಿಸಿದ! ಹ್ಞೂ ಕಣೇ, ಇಲ್ಲೇ ಅಮೆರಿಕಾದಲ್ಲೇ, ನಮ್ಮ ಸನ್ನಿವೇಲ್ ಡೌನ್‌ಟೌನಲ್ಲಿ, ಶನಿವಾರದ ಫಾರ್ಮರ್ಸ್ ಮಾರ್ಕೆಟ್ಟಲ್ಲಿ. ನಾನು ಬ್ಯಾಗು ಹಾಕ್ಕೊಂಡು ಸ್ಟ್ರಾಬೆರಿ ಆರಿಸ್ತಾ ನಿಂತಿದ್ದೆ, ಹಿಂದಿಂದ ಬಂದು ಎಳೆದ ನೋಡು... ನಾನು ಹಾಗೇ ಮುಗ್ಗರಿಸಿದೆ, ಹಣ್ಣೆಲ್ಲ ಚೆಲ್ಲಾಪಿಲ್ಲಿ. ಅಂಗಡಿಯೋಳು ಗಾಬರಿಯಾಗಿ ಓಡಿ ಬಂದಳು. ಇವನು ನಗ್ತಾ, "ನನ್ನ ಹೆಂಡತಿ, ನನ್ನ ಹೆಂಡತಿ" ಅಂತ ಅವಳಿಗೆ ಹೇಳಿದ. ನಂಗಂದ, "ನೋಡಿದ್ಯಾ? ಫೇಲು." ತಮಾಷೆ ಅಲ್ವಾ?

ತಮಾಷೆ ಅನ್ನಿಸ್ಲಿಲ್ವಾ? ನೀನು ಅಲ್ಲಿರಬೇಕಿತ್ತು, ಆಗ ಗೊತ್ತಾಗ್ತಿತ್ತು.

ಏ, ಅದೇನು ಸದ್ದು? ಗರಾಜಾ?... ಪಕ್ಕದ ಮನೆಯೋರದ್ದು. ಬಿಡು. ಅವನು ಬರೋದು ಸಂಜೆಗೆ. ಇವತ್ತು ಮೀಟಿಂಗುಗಳಿವೆ ಅಂದಿದ್ದ.

ಕೈ ಮುರಿದಿದ್ದಾ? ಹೇಳಿದ್ನಲ್ಲ ಫೋನಲ್ಲಿ. ಮತ್ತೆ ಹೇಳ್ಬೇಕಾ? ಸರಿ ಕೇಳು. ಟ್ರ್ಯಾಮಲ್ಲಿ ನಿಂತಿದ್ವಿ. ಸಿಕ್ಕಾಪಟ್ಟೆ ಜನ. ನೀಲಿ ಟೋಪಿ ಹಾಕ್ಕೊಂಡಿದ್ದ ಒಬ್ಬ ಹುಡುಗ, ತೆಳ್ಳಗೆ, ನೋಡೋಕೆ ಚೆನ್ನಾಗೇ ಇದ್ದ. ಬ್ಯಾಗಿನ ಪಟ್ಟಿ ಹಿಡಿದು ಎಳೆದ. ನಾನು ಬಿಡ್ಲಿಲ್ಲ. ಅವನೂ ಬಿಡ್ಲಿಲ್ಲ. ಎಳೆದ ರಭಸಕ್ಕೆ ಕಲ್ಲಿನ ಮೇಲೆ ಬಿದ್ದೆ, ಕೈ ಊರಿದೆ, ಲಟಕ್ ಅಂತು. ಅಷ್ಟೇ. ಸುಧನ್ವ ಓಡ್ಸಿಕೊಂಡು ಹೋದ, ಸಿಗಲಿಲ್ಲ.

ಹ್ಞಾ? ಟ್ರ್ಯಾಮಲ್ಲಿ ಕಲ್ಲು ಎಲ್ಲಿಂದ ಬಂತಾ... ಟ್ರ್ಯಾಮಿಂದ ಇಳಿದ ಮೇಲೆ ಕಣೇ. ಇಳೀತಿದ್ದೆ, ಮೆಟ್ಟಿಲ ಹತ್ರ. ನೀನೊಳ್ಳೆ ಲಾಯರ್ ಥರ ಕೇಳ್ತೀಯ! ಮೈಸೂರಲ್ಲಿ ಹಾಸ್ಟೆಲ್ಲಲ್ಲೂ ಹೀಗೇ ಮಾಡ್ತಿದ್ದೆ, ಸಿನಿಮಾ ಕಥೆ ಹೇಳೋಕೆ ಬಿಡ್ತಿರಲಿಲ್ಲ.

ಪೊಲೀಸಿಗೆ ಹೇಳಲಿಲ್ಲ. ಏನೂ ಹೋಗಿರಲಿಲ್ವಲ್ಲ, ಏನಂತ ಹೇಳೋದು?

ಯಾಕೆ ಹಾಗೆ ನೋಡ್ತೀಯಾ? ಏನಾದ್ರೂ ಕೇಳೋದಿದ್ರೆ ಕೇಳು.

...ಯಾವಾಗ? ಬ್ಯಾಡ್ಮಿಂಟನ್ ಆಡೋವಾಗ್ಲಾ? ಗುರುಪ್ರಸಾದ್‌ಗೆ ಹಾಗಂದ್ನಾ ಸುಧನ್ವ? ಬಾತ್‌ಟಬ್ಬಲ್ಲಿ ನಾನು ಜಾರಿಬಿದ್ದೆ ಅಂತ?

ಓ.

ಅದು... ಗಂಡಸರಿಗೆ ನಾಚಿಕೆ ಕಣೇ. ಪಕ್ಕದಲ್ಲೇ ನಿಂತು ಹೆಂಡತೀನ ಕಾಪಾಡೋಕಾಗ್ಲಿಲ್ಲ ಅಂತ ಹೇಗೆ ಹೇಳ್ಕೋತಾನೆ, ಅದೂ ಗೆಳೆಯರ ಮುಂದೆ? ಅದಕ್ಕೇ ಬಾತ್‌ರೂಮು ಅಂದಿರ್ತಾನೆ. ನಮ್ಮಮ್ಮಂಗೆ ಮೆಟ್ಟಿಲು ಅಂದಿದಾನೆ. ಅವಳಿಗೆ ಬಿಪಿ ಇದೆಯಲ್ಲ, ಕಳ್ಳರು ಗಿಳ್ಳರು ಅಂದ್ರೆ ಭಯ ಬೀಳ್ತಾಳೆ ಅಂತ. ಒಬ್ಬೊಬ್ಬರಿಗೆ ಒಂದೊಂದು... ಅವರವರಿಗೆ ತಕ್ಕ ಹಾಗೆ. ಅವನು ತುಂಬಾ ಯೋಚನೆ ಮಾಡ್ತಾನೆ.

ಕಾಫಿ ಆರ್ತಿದೆ, ಕುಡಿ.

ಆದ್ರೆ ಆಸ್ಪತ್ರೆ ಚೆನ್ನಾಗಿತ್ತು, ಅದನ್ನ ಹೇಳ್ಲೇಬೇಕು. ನೀವು ಇನ್ಶೂರೆನ್ಸ್ ಮಾಡಿಸ್ಕೊಂಡೇ ಹೋಗಿ. ಸುಧನ್ವ ನನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ ಗೊತ್ತಾ! ಟ್ಯಾಕ್ಸೀಲಿ ಪೂರ್ತಿ ನನ್ನ ತಲೆ ಅವನ ತೊಡೆ ಮೇಲೆ. ಅಲ್ಲಿ ನೀರು ಕುಡಿಸಿದ, ಕೂದಲು ನೇವರಿಸಿದ, ಡಾಕ್ಟರ್ ಹತ್ರ ಎಲ್ಲಾ ಅವನೇ ಮಾತಾಡಿದ. ಕಲ್ಲಿನ ಮೇಲೆ ಜಾರಿದಳು ಅಂದ. ಡಾಕ್ಟರು ಒಬ್ಬಳು ಹೆಂಗಸು, ನಮ್ಮ ವಯಸ್ಸಿನೋಳೇ. ಎಕ್ಸ್‌ರೇ ದೀಪಕ್ಕೆ ಹಿಡಿದು ತುಂಬಾ ಹೊತ್ತು ನೋಡಿದಳು. ಆಮೇಲೆ ಇವನನ್ನ ಏನೋ ಸಹಿ ಹಾಕ್ಬೇಕು ಅಂತ ಹೊರಗೆ ಕಳಿಸಿದಳು. ಬಾಗಿಲು ಹಾಕಿ, ನನ್ನ ಮುಂದೆ ಸ್ಟೂಲ್ ಎಳ್ಕೊಂಡು ಕೂತು ನಿಧಾನಕ್ಕೆ ಇಂಗ್ಲಿಷಲ್ಲಿ ಕೇಳಿದಳು, "ನೀವು ಸೇಫಾಗಿದೀರಾ?" ಅಂತ.

ನಾನೇನಂದೆ ಹೇಳು? "ಹೌದು ಡಾಕ್ಟ್ರೇ, ನಿಮ್ಮ ಊರು ತುಂಬಾ ಸೇಫು" ಅಂದೆ!

ಟೂರಿಸ್ಟಿಗೆ ಕೇಳೋ ಪ್ರಶ್ನೆನಾ ಅದು? ನಾನೇ ನಕ್ಕೆ. ಅವಳು ನಗಲಿಲ್ಲ. ಆಮೇಲೆ ಇವನು ವಾಪಸ್ ಬಂದ.

ನೀನೂ ನಗ್ತಿಲ್ಲ.

ರಂಜನಿ?

ಏನಾದ್ರೂ ಮಾತಾಡೇ. ಮಕ್ಕಳ ಸ್ಕೂಲ್ ಬಿಡೋ ಹೊತ್ತಾಯ್ತು ಅನ್ನು. ಫ್ರೀವೇ ಜಾಮ್ ಆಗುತ್ತೆ, ಹೊರಡ್ತೀನಿ ಅನ್ನು. ಸುಮ್ಮನೆ ಕೂತ್ಕೊಂಡು ನೋಡ್ಬೇಡ ಹಾಗೆ...

ಹುಡುಗ ಇರಲಿಲ್ಲ ಕಣೇ.

ನೀಲಿ ಟೋಪಿ ಗೀಲಿ ಟೋಪಿ ಯಾರೂ ಇರಲಿಲ್ಲ. ಆ ಊರಲ್ಲಿ ಯಾರೂ ನನ್ನ ಮೈ ಮುಟ್ಟಲಿಲ್ಲ.

ಏನಾಯ್ತು ಅಂದ್ರೆ... ಸಂಜೆ, ಗುಡ್ಡದ ಮೇಲೆ ಒಂದು ಕಟ್ಟೆ ಇದೆ. ಅಲ್ಲಿಂದ ಕೆಂಪು ಹೆಂಚಿನ ಮನೆಗಳೆಲ್ಲ ಕಾಣುತ್ತೆ, ಕೆಳಗೆ ನದಿ. ಒಬ್ಬ ಮುದುಕ ನಾಯಿ ಹಿಡ್ಕೊಂಡು ಬಂದಿದ್ದ. ನಿಮ್ಮಿಬ್ಬರ ಫೋಟೋ ತೆಗೀಲಾ ಅಂತ ಸನ್ನೆ ಮಾಡಿದ. ನಾನು ಫೋನು ಕೊಟ್ಟುಬಿಟ್ಟೆ. ಯೋಚನೇನೇ ಮಾಡ್ಲಿಲ್ಲ, ಕೊಟ್ಟೆ. ಅವನು ನಾಯಿ ಹಗ್ಗಾನ ಕಾಲಡಿ ಮೆಟ್ಕೊಂಡು, ಒಂಚೂರು ಆಕಡೆ ಸರೀರಿ, ನದಿ ಬರಲಿ ಅಂತ ಕೈಯಲ್ಲೇ ತೋರಿಸಿ, ತೆಗೆದ. ಫೋನು ವಾಪಸ್ ಕೊಟ್ಟು ತಲೆ ಬಗ್ಗಿಸಿ ಹೋದ. ಎಷ್ಟು ಚೆನ್ನಾಗಿ ಬಂದಿತ್ತು ಆ ಫೋಟೋ! ನಾನು ನಿಜವಾಗ್ಲೂ ನಗ್ತಿದ್ದೆ ಅದರಲ್ಲಿ.

ಹೋಟೆಲಿಗೆ ಬರೋವರೆಗೂ ಸುಧನ್ವ ನನ್ನ ಬಿಟ್ಟು ಮುಂದೆ ಮುಂದೆ ನಡೆದ. ರೂಮಿಗೆ ಬಂದು ಬಾಗಿಲು ಹಾಕಿ, "ಅವನು ಫೋನು ತಗೊಂಡು ಓಡಿದ್ರೆ?" ಅಂದ. ಓಡ್ಲಿಲ್ವಲ್ಲ ಅಂದೆ. "ಓಡಿದ್ರೆ?" ಓಡ್ಲಿಲ್ವಲ್ಲ ಸುಧನ್ವ, ಮುದುಕ ಅವನು ಅಂದೆ. "ಹೇಳ್ಕೊಟ್ಟಿದ್ದು ಒಂದೂ ತಲೆಗೆ ಹೋಗಲ್ಲ ನಿಂಗೆ. ಹಿಡ್ಕೋ ಫೋನು. ಬಿಗಿಯಾಗಿ ಹಿಡ್ಕೋ. ಕಳ್ಳ ಹೇಗೆ ಕಿತ್ಕೋತಾನೆ ತೋರಿಸ್ತೀನಿ" ಅಂದ. ಹಿಡ್ಕೊಂಡೆ. ಮಣಿಕಟ್ಟು ಹಿಡಿದ. ತಿರುಗಿಸಿದ. ನಾನು ಫೋನು ಬಿಟ್ಟುಬಿಟ್ಟೆ ರಂಜನಿ, ಆವಾಗ್ಲೇ ಬಿಟ್ಟೆ, ಅದು ಕಾರ್ಪೆಟ್ಟಿನ ಮೇಲೆ ಬಿತ್ತು, ಇಬ್ಬರೂ ನೋಡಿದ್ವಿ. ಅವನು ಕೈ ಬಿಡ್ಲಿಲ್ಲ. ತಿರುಗಿಸ್ತಾನೇ ಇದ್ದ. ಕೂಗಾಡ್ಲಿಲ್ಲ, ಮುಖದಲ್ಲಿ ಕೋಪಾನೂ ಇರಲಿಲ್ಲ. ಮಕ್ಕಳಿಗೆ ಲೆಕ್ಕ ಹೇಳ್ಕೊಡೋರ ಮುಖ ಇರುತ್ತಲ್ಲ, ಹಾಗಿತ್ತು.

ಇಲ್ಲ, ಅಳು ಬರ್ತಿಲ್ಲ. ಆವಾಗ್ಲೂ ಬರ್ಲಿಲ್ಲ. ನೋಡು, ನಿಂದೇ ಕಣ್ಣು ಒದ್ದೆಯಾಗಿದೆ. ನಾನು ಬೇರೆ ಯಾರದೋ ವಿಷಯ ಹೇಳೋ ಹಾಗೆ ಹೇಳ್ತಿದೀನಿ, ಅಲ್ವಾ? ನಂಗೂ ಕೇಳಿಸ್ತಿದೆ.

ಆಮೇಲೆ ಅವನೇ ಟ್ಯಾಕ್ಸಿ ಕರೆಸಿದ. ಆ ತೊಡೆ, ಆ ನೀರು, ಅದೆಲ್ಲಾ ನಿಜ. ಸುಳ್ಳು ಹೇಳ್ಲಿಲ್ಲ ನಾನು. ಫೋಟೋ ಮಾತ್ರ ಅಳಿಸಿಹಾಕಿಸಿದ.

ಮೊದಲನೇ ಸಲಾನಾ?

ಅದೊಂದು ಕೇಳ್ಬೇಡ.

...ಮೂಳೆ ಮುರಿದಿದ್ದು ಮೊದಲನೇ ಸಲ. ಸಾಕಾ?

ನೀನು ಹೊರಡು ಈಗ. ಅವನು ಬರೋ ಹೊತ್ತಿಗೆ ನೀನಿದ್ರೆ, ಏನು ಮಾತಾಡಿದ್ರಿ ಅಂತ ಕೇಳ್ತಾನೆ. ಲಿಸ್ಬನ್ ಬಗ್ಗೆ ಅಂತೀನಿ. ಅದು ಸುಳ್ಳಲ್ವಲ್ಲ. ಕೀ ತಗೊಂಡ್ಯಾ? ಹೊರಡು... ಯಾಕೆ ನಿಂತೆ? ಎಲ್ಲಿಗೆ?

ನಾನಾ? ಕ್ಯಾಂಪ್‌ಬೆಲ್‌ಗಾ? ನಿಮ್ಮ ಮನೇಗಾ... ಈಗ್ಲೇ? ಹುಚ್ಚಾ ನಿಂಗೆ, ಸ್ಟೌ ಮೇಲೆ ಸಾರಿದೆ. ಗುರುಪ್ರಸಾದ್ ಏನಂದ್ಕೋತಾನೆ? ಮಕ್ಕಳು ಕೇಳಿದ್ರೆ ಏನು ಹೇಳ್ತೀಯಾ? ರಾತ್ರಿ ಇವನು ಊಟಕ್ಕೆ... ರಂಜನಿ, ಸ್ಟೌ ಯಾಕೆ ಆರಿಸಿದೆ? ಏನಾದ್ರೂ ಹೇಳೇ. ಬಾಯಿ ಬಿಟ್ಟು ಒಂದು ಮಾತು ಹೇಳು, ನಾನು ಇಲ್ಲ ಅಂತೀನಿ, ಮುಗಿದುಹೋಗುತ್ತೆ.

...

ಆ ಸ್ವೆಟರ್ ಆಗಲ್ಲ ಕಣೇ. ತೋಳು ಬಿಗಿ, ಪ್ಲಾಸ್ಟರ್ ಮೇಲೆ ಹೋಗಲ್ಲ. ಎಳೀಬೇಡ!

ಎಳೀಬೇಡ... ಹ್ಞಾ. ಹಾಗೆ. ಹೆಗಲ ಮೇಲೆ ಸುಮ್ಮನೆ ಹೊದಿಸು. ಸಾಕು.