ಹಸಿರು ಚುಕ್ಕೆ ಕಾಣಿಸಲಿಲ್ಲವಂತೆ

ಹಲೋ... ಯಾರು ಮಾತಾಡ್ತಿರೋದು?... ಓ, ನೀನಾ. ನಿನ್ನೆಯಿಂದ ಯಾವ ಬಿಲ ಸೇರ್ಕೊಂಡಿದ್ಯೋ?

...ಅಕ್ಕ ಗಿಕ್ಕ ಎಲ್ಲಾ ಆಮೇಲೆ. ಬ್ಯಾಂಡಿನ ಪಿಟೀಲಿನವರು ಬೆಳಿಗ್ಗೇನೇ ಫೋನ್ ಮಾಡಿ ನನಗೆ ಮಂಗಳಾರತಿ ಎತ್ತಿದ್ರು. ‘ತಮ್ಮನಿಗೆ ಅದೇನು ಮ್ಯಾಂಡೊಲಿನ್ ಕಲಿಸಿದ್ರಮ್ಮಾ’ ಅಂತ. ಎಂಟು ತಿಂಗಳು ಕಲಿಸಿದ್ದಕ್ಕೆ ಇದು ಬಹುಮಾನ. ಥೂ!

...ಹಾಂ? ಹೌದಪ್ಪಾ, ಬ್ಲೂಗ್ರಾಸ್ ಅನ್ನೋ ಅಮೆರಿಕದ ಹಳ್ಳಿ ಸಂಗೀತದಲ್ಲಿ ಸರದಿ ಬಂದವರು ಆ ಕ್ಷಣಕ್ಕೆ ತೋಚಿದ್ದು ನುಡಿಸಬೇಕು, ಒಪ್ಪಿದೆ. ಹಾಗಂತ ನಿನ್ನೆ ಕಾರ್ಯಕ್ರಮದಲ್ಲಿ ಬ್ಯಾಂಡೆಲ್ಲಾ ಎ ಶ್ರುತೀಲಿದ್ರೆ ನೀನೊಬ್ಬನೇ ಜಿ ಶ್ರುತೀಲಿ ಸೋಲೋ ಹೊಡಿಯೋದಾ? ಕೇಳಿದವರಿಗೆ ವಾಕರಿಕೆ ಬರಲ್ವಾ?

...ಏನು ಕಾಣಿಸ್ಲಿಲ್ಲ?... ಚುಕ್ಕೇನಾ? ಯಾವ ಚುಕ್ಕೆ?

...ಅಯ್ಯೋ ದೇವರೇ. ನಿನ್ನ ಔಷಧಿ ಅಂಗಡೀಲಿ ಬಾಟಲಿಗೆ ಅಂಟಿಸ್ತೀಯಲ್ಲ, ಆ ಸ್ಟಿಕ್ಕರಾ? ಅದನ್ನ ಮ್ಯಾಂಡೊಲಿನ್ ಮೆಟ್ಟುಗಳಿಗೆ ಅಂಟಿಸಿದ್ಯಾ? ಜಿ ಶ್ರುತಿಯ ಸ್ವರಗಳಿಗೆ ಕೆಂಪು, ಎ ಶ್ರುತಿಯವಕ್ಕೆ ಹಸಿರು?... ವೇದಿಕೆ ಮೇಲೆ ಕೆಂಪು ದೀಪ ಹಾಕಿದ್ರು, ಹಸಿರೆಲ್ಲ ಕಪ್ಪಾಗಿ ಕಪ್ಪು ಮರದಲ್ಲೇ ಸೇರ್ಕೊಳ್ತು, ನೀನು ಕೆಂಪು ಕಂಡಲ್ಲೆಲ್ಲಾ ಬೆರಳಿಟ್ಟೆ. ಅಲ್ವಾ?

...ದೀಪದ್ದು ತಪ್ಪಾ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಅಸಹ್ಯ ಕಣೋ! ಬೆರಳೊತ್ತದೆ ಖಾಲಿ ತಂತಿ ಮೀಟಬೇಡ, ನಾಲ್ಕು ಬೆರಳಿನ ನಮೂನೆ ಒಂದೇ ಇರಲಿ, ಶ್ರುತಿ ಎರಡು ಮೆಟ್ಟು ಏರಿದ್ರೆ ಕೈಯನ್ನೂ ಎರಡು ಮೆಟ್ಟು ಜರುಗಿಸು ಅಂತ ಎಷ್ಟು ಬಡ್ಕೊಂಡಿದ್ದೆ? ನಮೂನೆ ಬಿಟ್ಟು ಬಣ್ಣ ಬಾಯಿಪಾಠ ಮಾಡಿದ್ಯಾ?

...ಅಳಬೇಡ. ಸಂಜೆ ಇನ್ನೊಂದು ಕಾರ್ಯಕ್ರಮ ಇದೆ, ನಿನ್ನನ್ನ ಕರೀಬೇಕೋ ಬೇಡ್ವೋ ಅಂತ ಪಿಟೀಲಿನವರು ನನ್ನನ್ನೇ ಕೇಳಿದಾರೆ. ಬೇಡ ಅನ್ನೋಕೇ ಫೋನ್ ಕೈಗೆತ್ಕೊಂಡಿದ್ದೆ, ಅಷ್ಟರಲ್ಲಿ ನಿಂದು ಬಂತು.

...ಏನು, ಇನ್ನೊಂದು ಅವಕಾಶಾನಾ?... ಸರಿ, ಮ್ಯಾಂಡೊಲಿನ್ ತಗೋ. ಫೋನ್ ಸ್ಪೀಕರಿಗೆ ಹಾಕು. ಕಣ್ಮುಚ್ಚು... ಮುಚ್ಚಿದ್ಯಾ? ನಿನ್ನೆ ಹಾಡೇ. ಎ ಶ್ರುತಿ.

...ತಪ್ಪು... ಥೂ, ಮತ್ತೆ ತಪ್ಪು. ಕಣ್ಣು ಬಿಟ್ಟು ನೋಡ್ತಿದ್ದೀಯ, ನನಗೆ ಗೊತ್ತಾಗಲ್ವಾ?... ಹಾಂ, ಈಗ ಸರಿ... ಮುಂದೆ... ಮುಂದೆ...

...ಇರು ಇರು. ಅದೇನದು, ಕೊನೇಲಿ ಮೇಲಕ್ಕೆ ಜಾರಿಸಿ ವಾಪಸ್ ಬಂದೆಯಲ್ಲ? ಅದನ್ನ ನಾನು ಕಲಿಸಿಲ್ಲ. ಯಾರು ಹೇಳ್ಕೊಟ್ರು?

...ಯಾರೂ ಇಲ್ವಾ? ಈಗ ಹೊಳೀತಾ?... ಮೂರ್ಖ, ಎಂಟು ತಿಂಗಳಿಂದ ಇದಕ್ಕೇ ಕಣೋ ನಾನು ಕಾಯ್ತಿದ್ದಿದ್ದು! ಇನ್ನೊಂದ್ಸಲ ನುಡಿಸು... ಹಲೋ? ಸಂಜೆ ನೀನೇ ಬರ್ತೀಯ, ಅವರಿಗೆ ನಾನು ಹೇಳ್ತೀ... ಹಲೋ?... ನುಡಿಸ್ತಾ ಕೂತ್ಬಿಟ್ಟ, ನನ್ನ ಮಾತೇ ಕೇಳಿಸ್ತಿಲ್ಲ ಇವನಿಗೆ! ಹಲೋ?...