ಸದರಿ ವಿಳಾಸ

ಬಾವಿ ಬರುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ. ದೆವ್ವದ ಕತೆಗೆ ಇರಲಿ ಅಂತ ನಾನು ತೋಡಿಸಿದ್ದಲ್ಲ. ಕೋರ್ಟಿನಿಂದ ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಅದು ಇದೆ. ಬತ್ತಿ ಎಷ್ಟೋ ಕಾಲವಾಯಿತು. ಮೇಲೆ ಕಬ್ಬಿಣದ ಜಾಲರಿ. ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ.

ಅಕ್ಕ ಅಂದರೆ ಚಿಕ್ಕಪ್ಪನ ಮಗಳು. ಕ್ರಿಮಿನಲ್ ವಕೀಲೆ, ಆರೋಪಿಗಳ ಪರ. ಅಳುವವಳಲ್ಲ. ಇದನ್ನು ನನಗೆ ಹೇಳುವಾಗಲೂ ಸಾಕ್ಷಿಯ ಹೇಳಿಕೆ ಓದುವ ದನಿಯಲ್ಲೇ ಹೇಳಿದಳು.

ಆ ರಾತ್ರಿ ಎಂಟೂವರೆಗೆ ಆಫೀಸಿಗೆ ಬೀಗ ಹಾಕಿ ನಡೆದು ಬರುತ್ತಿದ್ದಳು. ಬಾವಿ ದಾಟಿದಳು. ಹಿಂದೆ ಸದ್ದು.

ಟಿಕ್… ಸರ್. ಟಿಕ್… ಸರ್.

ಉಂಗುಷ್ಟ ಕಿತ್ತ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡು ನಡೆದರೆ ಹಾಗಾಗುತ್ತದೆ. ಪಿನ್ನು ನೆಲಕ್ಕೆ ತಾಗಿ ಟಿಕ್, ಅಟ್ಟೆ ಎಳೆದು ಸರ್. ಅಕ್ಕನಿಗೆ ಆ ಸದ್ದಿನ ಪರಿಚಯವಿತ್ತು. ಅದರ ಒಡತಿ ಸತ್ತು ಹನ್ನೊಂದು ದಿನವಾಗಿತ್ತು.

"ಮೇಡಂ…"

ಅಕ್ಕ ನಿಂತಳು. ತಿರುಗಲಿಲ್ಲ.

"ವಿಳಾಸ ಬದಲಾಯ್ತಾ?"

"ಇನ್ನೂ ಇಲ್ಲಮ್ಮ."

"ಮತ್ತೆ ಎಲ್ಲಿಗೆ ಹೋಗ್ಲಿ…"

ಆ ಹೆಂಗಸು ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದಳು. ಗಂಡನ ಕೈಲಿ ಒಂಬತ್ತು ವರ್ಷ ಏಟು ತಿಂದು, ಒಂದು ಸಲ ತಿರುಗಿ ಕೊಟ್ಟಳು, ಇಸ್ತ್ರಿಪೆಟ್ಟಿಗೆಯಲ್ಲಿ. ಕೇಸಾದದ್ದು ಆ ಒಂದಕ್ಕೆ. ದೂರುದಾರ ಗಂಡ, ಆರೋಪಿ ಇವಳು, ಜಾಮೀನು ಅರ್ಜಿ ಅಕ್ಕನದು.

ಟೈಪ್ ಮಾಡಿದ್ದು ಅಕ್ಕನ ಗುಮಾಸ್ತರು. ಒಮ್ಮೆ ಬರೆದದ್ದನ್ನು ಇನ್ನೊಮ್ಮೆ ಬರೆಯುವುದು ಅವರ ಜಾಯಮಾನದಲ್ಲೇ ಇಲ್ಲ. ಸಾಮಾನಿನ ಚೀಟಿಯಲ್ಲೂ "ಈರುಳ್ಳಿ ಒಂದು ಕಿಲೋ, ಆಲೂಗಡ್ಡೆ ಸದರಿ" ಅಂತಲೇ ಬರೆಯುವ ಆಸಾಮಿ. ದೂರುದಾರನ ವಿಳಾಸ ಪೂರ್ತಿ ಬರೆದರು. ಆರೋಪಿಯ ವಿಳಾಸ: ಸದರಿ. ಅಂದರೆ ಅದೇ ಗಂಡನ ಮನೆ.

ಸಹಿ ಹಾಕುವಾಗ ಅವಳು ಕೇಳಿದ್ದಳು. "ಮೇಡಂ, ನಮ್ಮಕ್ಕನ ಮನೆ ಅಡ್ರೆಸ್ ಹಾಕಿದ್ರೆ ಆಗಲ್ವಾ?"

"ಮತ್ತೆ ಟೈಪ್ ಮಾಡ್ಸೋಕೆ ಹೋದ್ರೆ ಇವತ್ತಿನ ದಿನ ಹೋಯ್ತು. ಮೊದ್ಲು ನೀನು ಹೊರಗೆ ಬಾ. ಆಮೇಲೆ ಒಂದು ಅರ್ಜಿ ಹಾಕಿ ಬದಲಾಯಿಸೋಣ."

ಜಾಮೀನು ಸಿಕ್ಕಿತು. ಷರತ್ತು ಮೂರು: ಅನುಮತಿಯಿಲ್ಲದೆ ಆರೋಪಿಯು ಸದರಿ ವಿಳಾಸ ಬಿಟ್ಟು ಹೋಗತಕ್ಕದ್ದಲ್ಲ. ಸದರಿ ಅಂದರೆ ಯಾವುದು ಅಂತ ನ್ಯಾಯಾಧೀಶರೂ ಮೇಲಿನ ಸಾಲು ನೋಡಲಿಲ್ಲ. ಅವಳು ಬಿಟ್ಟು ಹೋಗಲಿಲ್ಲ. ಆರನೇ ದಿನ ಅಡುಗೆಮನೆಯಲ್ಲಿ ಹೆಣವಾಗಿ ಸಿಕ್ಕಳು. ಗಂಡ ಈಗ ಜೈಲಿನಲ್ಲಿದ್ದಾನೆ. ವಿಳಾಸ ಬದಲಾವಣೆಯ ಅರ್ಜಿ ಅಕ್ಕನ ಮೇಜಿನ ಮೇಲೆ, ನಾಳೆ ಮಾಡಬೇಕಾದ ಕಾಗದಗಳ ಕಟ್ಟಿನಲ್ಲಿ ಇತ್ತು.

ಸದ್ದು ಮೂರು ರಾತ್ರಿ ಬಂತು. ಮೂರನೆಯ ರಾತ್ರಿ ಗೇಟಿನವರೆಗೆ. ಬೆಳಿಗ್ಗೆ ಅಕ್ಕ ಗುಮಾಸ್ತರನ್ನು ಕರೆದು ಆ ಅರ್ಜಿ ಟೈಪ್ ಮಾಡಿ ಅಂದಳು.

"ಸತ್ತವರ ವಿಳಾಸ ಬದಲಾಯಿಸೋಕೆ ಯಾವ ಕಲಂ ಹಾಕ್ಲಿ ಮೇಡಂ?"

"ಆ ಜಾಗ ಖಾಲಿ ಬಿಡಿ. ಅವಳ ಅಕ್ಕನ ವಿಳಾಸ ಮಾತ್ರ ಪೂರ್ತಿ ಹಾಕಿ."

ಗುಮಾಸ್ತರು ಕನ್ನಡಕ ಒರೆಸಿಕೊಂಡರು. ಮನೆ ನಂಬರು, ಅಡ್ಡರಸ್ತೆ, ಬಾಗಿಲಿನ ಬಣ್ಣದವರೆಗೂ ಟೈಪ್ ಮಾಡಿದರು. ಕೋರ್ಟ್ ಕಚೇರಿ ಸಂಜೆಯೊಳಗೆ ವಾಪಸ್ ಕೊಟ್ಟಿತು: ಆರೋಪಿ ಮೃತ, ಪರಿಗಣಿಸಲು ಬಾರದು. ಆದರೆ ತಲುಪಿದ ಮೊಹರು ಬಿದ್ದಿತ್ತು.

ಆ ರಾತ್ರಿ ಬಾವಿಯ ಹತ್ತಿರ ಸದ್ದಿರಲಿಲ್ಲ.

"ನಿದ್ದೆಗೆಟ್ಟಿದ್ದೀಯ," ಅಂದೆ ನಾನು, ಇಷ್ಟೆಲ್ಲ ಕೇಳಿದ ಮೇಲೆ. "ಇದಕ್ಕೊಂದು ಹೆಸರಿದೆ ಅಕ್ಕ. ಮಾತ್ರೆನೂ ಇದೆ."

"ನಿಂಗೆ ಓದಿದ್ದು ಹೆಚ್ಚಾಯ್ತು. ಗಾಡಿ ತೆಗಿ."

ಸತ್ತವಳ ಅಕ್ಕನ ಮನೆಗೆ ಹೋದೆವು. ನೀಲಿ ಬಾಗಿಲು. ಹೊಸ್ತಿಲ ಪಕ್ಕ ಒಂದು ಜೊತೆ ಚಪ್ಪಲಿ. ಎಡಗಾಲಿನದಕ್ಕೆ ಪಿನ್ನು.

"ಇದು ಯಾರದಮ್ಮ?" ನಾನೇ ಕೇಳಿದ್ದು.

"ಗೊತ್ತಿಲ್ಲಪ್ಪ. ಬುಧವಾರ ರಾತ್ರಿಯಿಂದ ಇಲ್ಲೇ ಇದೆ. ಎಸೆಯೋಕೆ ಮನಸ್ಸಾಗ್ಲಿಲ್ಲ."

ಅರ್ಜಿ ಹಾಕಿದ್ದು ಬುಧವಾರ. ಅಕ್ಕ ಬಗ್ಗಿ, ಎರಡೂ ಚಪ್ಪಲಿ ಜೋಡಿಸಿಟ್ಟಳು.

ಪಿನ್ನು ಚುಚ್ಚಿದ ಚಪ್ಪಲಿ ಊರಲ್ಲಿ ಸಾವಿರ ಇರುತ್ತವೆ. ಅವಳ ಚಪ್ಪಲಿ ಪೊಲೀಸರ ಜಪ್ತಿ ಪಟ್ಟಿಯಲ್ಲಿ ಏಳನೇ ನಂಬರು. ಬಟ್ಟೆಯಲ್ಲಿ ಹೊಲಿದು, ಅರಗಿನ ಮೊಹರು ಹಾಕಿ ಠಾಣೆಯ ಬೀರುವಿನಲ್ಲಿಟ್ಟಿದ್ದಾರೆ. ಮಾರನೇ ದಿನ ನಾನೇ ಹಟ ಹಿಡಿದು ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಪೊಟ್ಟಣ ಇತ್ತು. ಹೊಲಿಗೆ ಬಿಚ್ಚಿರಲಿಲ್ಲ, ಅರಗು ಒಡೆದಿರಲಿಲ್ಲ. ಕೋರ್ಟಿನ ಅಪ್ಪಣೆಯಿಲ್ಲದೆ ಬಿಚ್ಚುವ ಹಾಗೂ ಇಲ್ಲ.

ಇದು ನಡೆದದ್ದು. ನಾನು ಅಲ್ಲೇ ನಿಂತಿದ್ದೆ. ಬೀರುವಿನ ಕೀಲಿ ಇಟ್ಟುಕೊಂಡಿದ್ದ ಪೇದೆ ಪೊಟ್ಟಣವನ್ನು ಅಂಗೈ ಮೇಲೆ ಒಂದೆರಡು ಸಲ ತೂಗಿದ.

"ಹಗುರ ಆಗಿದೆಯಲ್ರೀ," ಅಂದ. ವಾಪಸ್ ಒಳಗಿಟ್ಟು ಬೀಗ ಹಾಕಿದ.