ಪಾದ್ರಿಗಳ ಬಂಗಾರ

ಭಾನುವಾರದ ಬಸ್ಸಿನಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದ ಟೈಲರಮ್ಮನ ಸೂಜಿ ತಾನಾಗಿಯೇ ನಿಂತಿತು. ಮುಂದಿನ ಸೀಟಿನಲ್ಲಿ ಪಾದ್ರಿಗಳು, ಪಕ್ಕದಲ್ಲಿ ಅವರ ಹೆಂಡತಿ. ಪಾದ್ರಿಗಳ ಬಿಳಿ ಅಂಗಿಯ ತೋಳಿಗೆಲ್ಲ ಗ್ರೀಸು, ಕೈಯಲ್ಲಿ ಇವತ್ತು ಚರ್ಚಿನಲ್ಲಿ ಮಾಡಬೇಕಾದ ಪ್ರಸಂಗದ ಹಾಳೆ.

"ಕೇಳು. ಪ್ರವಾದಿ ಹೇಳ್ತಾನೆ, ವಿಗ್ರಹಾನ ಜನಾನೇ ಹೊತ್ಕೊಂಡು ಹೋಗ್ಬೇಕು. ಅದು ಯಾರನ್ನೂ ಹೊರಲ್ಲ."

"ಈಗಷ್ಟೇ ಆ ಏರುದಾರೀಲಿ ಸ್ಕೂಟರ್ ತಳ್ಳಿದ್ದು ಯಾರು? ನೀವು ಮುಂದೆ, ನಾನು ಹಿಂದೆ."

"ಅದು ಬೇರೆ ವಿಷಯ. ಎಷ್ಟು ಕೂಗಿದ್ರೂ ವಿಗ್ರಹ ಓಗೊಡಲ್ಲ."

"ಇಪ್ಪತ್ತು ಸಲ ಒದ್ದು, 'ಏಳು ಬಂಗಾರ, ಏಳು' ಅಂದ್ರಿ. ನನಗೆ ಒಂದಿನಾನೂ ಬಂಗಾರ ಅಂದಿಲ್ಲ."

"ನಿಂಗೆ ಹೊಟ್ಟೆಕಿಚ್ಚು ಕಣೇ."

"ಹೌದು. ತನ್ನ ಜನ ಇನ್ನೊಂದರ ಹಿಂದೆ ಹೋದ್ರೆ ದೇವರಿಗೂ ಹೊಟ್ಟೆ ಉರಿಯತ್ತೆ ಅಂತ ಹೋದ ವಾರ ಹೇಳಿದ್ದು ಯಾರು?"

ಪಾದ್ರಿಗಳು ಹಾಳೆ ತಿರುವಿದರು. ಹೆಂಡತಿ ಹೆಗಲು ಮುಟ್ಟಿ ನೋಡಿಕೊಂಡರು.

"ಅಂದ್ಹಾಗೆ, ನನ್ನ ಶಾಲು ಎಲ್ಲಿ?"

"ಪಾಪ, ಅದರ ಸೀಟಿಗೆ ಬಿಸಿಲು ಬೀಳ್ತಿತ್ತು. ಹೊದಿಸಿ ಬಂದೆ."

ಟೈಲರಮ್ಮ ನಗು ತಡೆಯಲು ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಅಷ್ಟರಲ್ಲಿ ಚರ್ಚಿನ ಸ್ಟಾಪು ಬಂತು. ಇಬ್ಬರೂ ಇಳಿದರು. ಎದುರುಗಡೆಯಿಂದ ವಾಪಸ್ ಹೋಗುವ ಬಸ್ಸು ಬರುತ್ತಿತ್ತು. ಪಾದ್ರಿಗಳ ಕಣ್ಣು ಅದರ ಮೇಲೆ ಬಿತ್ತು.

"ನೀನು ಹೋಗಿ ಹಾಡು ಶುರು ಮಾಡ್ಸು. ಒಂದೇ ಒಂದು ಸಲ ನೋಡ್ಕೊಂಡು ಬಂದ್ಬಿಡ್ತೀನಿ. ಪಾಪ, ಒಂಟಿಯಾಗಿ ನಿಂತಿದೆ."

"ಧಾರಾಳವಾಗಿ ಹೋಗಿ. ಆ ಹಾಳೆ ಇಲ್ಲಿ ಕೊಡಿ."

"ಯಾಕೆ?"

"ಪ್ರಸಂಗ ನಾನೇ ಮಾಡ್ತೀನಿ. ಉದಾಹರಣೆಗೆ ದೂರ ಹೋಗ್ಬೇಕಾಗಿಲ್ಲ."